ಜನರೇಟರುಗಳ ಅಡ್ಡಜೋಡಣೆಯೂ ಅದರಿಂದೊದಗುವ ಅಪಾಯಗಳೂ

ಗ್ರಾಮಗಳಲ್ಲಿ ವಿದ್ಯುಚ್ಛಕ್ತಿಯು ಪೂರ್ತಿಯಾಗಿ ನಿಂತುಹೋಗುವುದು ಒಂದು ಬಗೆ. ಒಂದು ಓಣಿಯಲ್ಲಿ ದೀಪವುರಿಯುತ್ತಿದ್ದು ಪಕ್ಕದ ಓಣಿಯು ಕತ್ತಲೆಯಲ್ಲಿರುವುದು ಮತ್ತೊಂದು ಬಗೆ. ಇವೆರಡರಲ್ಲಿ ಎರಡನೆಯದು ಹೆಚ್ಚು ಮೋಸದ್ದು. ಊರಿಗೆ ಊರೇ ಕತ್ತಲಾದರೆ ಜನರು ಕಾದು ಕುಳಿತಿರುವರು. ನೆರೆಮನೆಯಲ್ಲಿ ಬೆಳಕಿದ್ದು ತಮ್ಮ ಮನೆಯಲ್ಲಿ ಇಲ್ಲವೆಂದರೆ ತಾಳ್ಮೆಯು ಉಳಿಯುವುದಿಲ್ಲ. ಆಗಲೇ ಹಿತ್ತಲಿನ ಜನರೇಟರು ಹೊರಗೆ ಬರುವುದು, ಕೈಗೆ ಸಿಕ್ಕಿದ ತಂತಿಯಿಂದ ಜೋಡಣೆಯೂ ನಡೆಯುವುದು.

ಹೀಗೆ ಭಾಗಶಃ ಶಕ್ತಿ ನಿಲ್ಲುವುದಕ್ಕೆ ಕಾರಣವನ್ನು ಮೊದಲು ತಿಳಿಯತಕ್ಕದ್ದು. ಊರಿನ ಟಿ.ಸಿ.ಯು 11,000 ವೋಲ್ಟುಗಳ ಶಕ್ತಿಯನ್ನು ಇಳಿಸಿ, ಮೂರು ಫೇಸ್ ತಂತಿಗಳ ಮತ್ತು ಒಂದು ನ್ಯೂಟ್ರಲ್ ತಂತಿಯ ಮೂಲಕ ಒದಗಿಸುತ್ತದೆ. ಫೇಸಿಗೂ ನ್ಯೂಟ್ರಲಿಗೂ ನಡುವೆ ಸುಮಾರು 230 ವೋಲ್ಟುಗಳೂ, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟುಗಳೂ ಇರುವುವು. ಮನೆಗಳನ್ನು ಮೂರು ಫೇಸುಗಳಿಗೂ ಹಂಚಿರುವುದರಿಂದ, ಒಂದು ಫೇಸಿನ ಫ್ಯೂಸು ಕರಗಿದರೆ ಅದಕ್ಕೆ ಸೇರಿದ ಮನೆಗಳು ಮಾತ್ರ ಕತ್ತಲಾಗುವುವು. ಮೇಲಿನ 11,000 ವೋಲ್ಟಿನ ಮಾರ್ಗದಲ್ಲಿಯೇ ಒಂದು ತಂತಿ ತಪ್ಪಿದರೆ, ಸಾಮಾನ್ಯವಾಗಿ ಒಂದು ಫೇಸು ಸರಿಯಾಗಿದ್ದು ಉಳಿದೆರಡರಲ್ಲಿ ಅರ್ಧದಷ್ಟು ವೋಲ್ಟು ಮಾತ್ರ ಉಳಿದು ದೀಪಗಳು ಮಂಕಾಗುವುವು. ಎರಡು ಸಂದರ್ಭಗಳಲ್ಲಿಯೂ ಕಂಬದ ಮೇಲಿನ ತಂತಿಗಳು ನಿರ್ಜೀವವಾಗಿಲ್ಲವೆಂಬುದನ್ನು ಮರೆಯಕೂಡದು.

ಎರಡೂ ತುದಿಗಳಿಗೆ ಪಿನ್ನು ಕಟ್ಟಿದ ತಂತಿಯೊಂದು ಅನೇಕ ಮನೆಗಳಲ್ಲಿ ಗೂಟಕ್ಕೆ ತೂಗುಹಾಕಿರುವುದುಂಟು. ಒಂದು ತುದಿಯನ್ನು ಜನರೇಟರಿಗೂ ಮತ್ತೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚಿದರೆ ಮನೆಯೆಲ್ಲವೂ ಬೆಳಗುವುದೇನೋ ನಿಜ. ಆದರೆ ಒಂದು ತುದಿಯು ಜನರೇಟರಿನಲ್ಲಿರುವಾಗ ಕೈಯಲ್ಲಿರುವ ಮತ್ತೊಂದು ತುದಿಯ ಬರಿಯ ಪಿನ್ನುಗಳಲ್ಲಿ 230 ವೋಲ್ಟುಗಳಿರುತ್ತವೆ. ಮಕ್ಕಳಿರುವ ಮನೆಯಲ್ಲಿ ಇಂತಹ ತಂತಿಯನ್ನು ಇಟ್ಟುಕೊಳ್ಳುವುದೇ ತಪ್ಪು. ಕಂಡೊಡನೆ ಕತ್ತರಿಸಿ ಎಸೆಯತಕ್ಕದ್ದು.

ಇದಕ್ಕಿಂತಲೂ ಘೋರವಾದುದು ಮನೆಯ ಹೊರಗೆ ನಡೆಯುವುದು. ಮೇನ್ ಸ್ವಿಚ್ಚನ್ನು ಆರಿಸದಿದ್ದಲ್ಲಿ ಜನರೇಟರಿನ ಶಕ್ತಿಯು ಸರ್ವಿಸ್ ತಂತಿಯನ್ನು ಹಿಡಿದು ಕಂಬಕ್ಕೇರುತ್ತದೆ. ಕರಗಿದ ಫ್ಯೂಸನ್ನು ಹಾಕಲು ಬಂದ ಲೈನ್‌ಮನ್ನನು, ಟಿ.ಸಿ.ಯ ಕಡೆಯಿಂದ ಶಕ್ತಿಯನ್ನು ತಪ್ಪಿಸಿಕೊಂಡೆನೆಂದು ನಂಬಿ ತಂತಿಯನ್ನು ಮುಟ್ಟುತ್ತಾನೆ. ಶಕ್ತಿಯು ಮನೆಯ ಕಡೆಯಿಂದ ಬಂದಿರುತ್ತದೆ. ಟಿ.ಸಿ.ಯ ಸಂಬಂಧವು ಕಡಿಯದೆ ಇದ್ದರೆ ಅದು ಹಿಮ್ಮುಖವಾಗಿ ಕೆಲಸಮಾಡಿ, 230 ವೋಲ್ಟುಗಳನ್ನು ಸಾವಿರಾರು ವೋಲ್ಟುಗಳಿಗೆ ಏರಿಸಿ ಮೇಲಿನ ಮಾರ್ಗಕ್ಕೆ ಕೊಡುವುದು. ಮೈಲಿ ದೂರದಲ್ಲಿ ದುರಸ್ತಿಮಾಡುತ್ತಿರುವವನಿಗೆ ಯಾರ ಮನೆಯ ಜನರೇಟರು ತನ್ನ ಪ್ರಾಣಕ್ಕೆ ಬಂದಿತೆಂಬುದು ತಿಳಿಯುವ ಬಗೆಯೇ ಇಲ್ಲ.

ಸಣ್ಣ ಜನರೇಟರು ಊರಿನ ಭಾರವನ್ನು ಹೊರಲಾರದೆ ತಾನೇ ನಿಂತುಹೋಗುವುದೆಂದು ಕೆಲವರು ವಾದಿಸುವರು. ಅನೇಕ ವೇಳೆ ಹಾಗಾಗುವುದುಂಟು. ಆದರೆ ತಂತಿಯು ಹತ್ತಿರದಲ್ಲಿಯೇ ಕಡಿದು, ಅದರ ಈಚೆಗೆ ಎರಡು ಮೂರು ಮನೆಗಳು ಮಾತ್ರ ಉಳಿದಿದ್ದರೆ, ಜನರೇಟರು ನಿರಾತಂಕವಾಗಿ ಓಡುತ್ತಲೇ ಇರುವುದು. ಕಡಿದು ಬಿದ್ದ ಆ ತಂತಿಯನ್ನು ದನವೋ ಮನುಷ್ಯನೋ ತುಳಿಯಬಹುದು.

ಶಕ್ತಿಯು ಮರಳಿ ಬಂದಾಗ ಜನರೇಟರೂ ಸರಬರಾಜಿನ ಮಾರ್ಗವೂ ಒಂದಕ್ಕೊಂದು ಹೊಂದದೆ ಎದುರುಬದುರಾಗಿ, ಯಂತ್ರವು ಸುಡುವುದು, ಬೆಂಕಿಯೂ ಹತ್ತಬಹುದು. ಮೂರು ಫೇಸಿನ ಮನೆಯಲ್ಲಿ ಸತ್ತ ಫೇಸಿಗೆ ಮಾತ್ರ ಜನರೇಟರನ್ನು ಕೊಟ್ಟು ಉಳಿದೆರಡನ್ನು ಹಾಗೆಯೇ ಬಿಟ್ಟರೆ, ಜನರೇಟರಿನ ತಂತಿಗೂ ಕಂಬದ ಫೇಸಿಗೂ ನಡುವಣ ವೋಲ್ಟು ಏರಿಳಿಯುತ್ತ 460ರವರೆಗೂ ಹೋಗಬಲ್ಲುದು. ಕೊಳವೆಬಾವಿಯ ಮೋಟಾರಿಗೆ ಈ ಉಪಾಯವನ್ನು ಹೂಡುವುದಂತೂ ಶುದ್ಧ ಅವಿವೇಕ. ತಾಳವಿಲ್ಲದ ಮೂರನೆಯ ಫೇಸಿನಿಂದ ಮೋಟಾರು ನಡೆಯದು, ಸುಡುವುದು. ಬೆಳೆ ಒಣಗುತ್ತಿರುವಾಗ ರೈತನಿಗಾಗುವ ಆತುರವು ಸಹಜವಾದುದೇ, ಆದರೆ ಸುಟ್ಟ ಮೋಟಾರನ್ನು ಮೇಲೆತ್ತಿ ವೈಂಡಿಂಗ್ ಮಾಡಿಸಿ ಇಳಿಸುವಷ್ಟರಲ್ಲಿ ಬೆಳೆಗೆ ನೀರಿಲ್ಲದ ದಿನಗಳು ಇನ್ನೂ ಹೆಚ್ಚುವುವು.

ಪರಿಹಾರವು ಸುಲಭವಾದುದು. ಚೇಂಜ್ ಓವರ್ ಸ್ವಿಚ್ಚೆಂಬ ಸಾಧನವು ಮನೆಯನ್ನು ಕಂಬಕ್ಕಾಗಲಿ ಜನರೇಟರಿಗಾಗಲಿ, ಒಂದಕ್ಕೆ ಮಾತ್ರ ಸೇರಿಸುವುದು. ಎರಡಕ್ಕೂ ಏಕಕಾಲದಲ್ಲಿ ಸೇರಿಸಲು ಅದರ ಹಿಡಿಗೆ ಸಾಧ್ಯವೇ ಇಲ್ಲ. ಒಂದು ಫೇಸಿನ ಮನೆಗೆ ಫೇಸನ್ನೂ ನ್ಯೂಟ್ರಲನ್ನೂ ಕಡಿಯುವ ಎರಡು ಪೋಲಿನದನ್ನೂ, ಮೂರು ಫೇಸಿನ ಸ್ಥಾವರಕ್ಕೆ ನಾಲ್ಕು ಪೋಲಿನದನ್ನೂ ಲೈಸೆನ್ಸು ಪಡೆದ ಗುತ್ತಿಗೆದಾರರಿಂದಲೇ ಹಾಕಿಸಬೇಕು. ಮೇನ್ ಆರಿಸುವೆನೆಂಬ ನೆನಪಿನ ಮೇಲೆ ಭರವಸೆಯಿಡುವುದು ಸಲ್ಲದು. ಮದುವೆಮನೆಯ ಗದ್ದಲದಲ್ಲಿ ಬಾಡಿಗೆಯ ಜನರೇಟರನ್ನು ಹಚ್ಚುವವನಿಗೆ ಆ ನೆನಪು ಎಲ್ಲಿಂದ ಬರಬೇಕು? ಸ್ವಿಚ್ಚು ಇಲ್ಲದಿದ್ದಲ್ಲಿ, ಬೇಕಾದ ದೀಪವನ್ನೋ ಪಂಖವನ್ನೋ ಪ್ರತ್ಯೇಕ ತಂತಿಯಿಂದ ನೇರವಾಗಿ ಜನರೇಟರಿಗೆ ಸೇರಿಸಿಕೊಳ್ಳಬಹುದು. ಮನೆಯ ವೈರಿಂಗಿಗೆ ಮಾತ್ರ ಮುಟ್ಟಿಸಕೂಡದು.

ಜನರೇಟರನ್ನು ಪಂಪ್‌ಮನೆಯೊಳಗಾಗಲಿ ರೇಷ್ಮೆಹುಳು ಸಾಕುವ ಮನೆಯೊಳಗಾಗಲಿ ಇಟ್ಟು ಓಡಿಸಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆ ಹೋಗುವರು.

ಗ್ರಾಮದ ಮುಖಂಡರು ತಮ್ಮಲ್ಲಿ ಯಾರ ಯಾರ ಮನೆಗಳಲ್ಲಿ ಜನರೇಟರುಗಳಿವೆ, ಅವುಗಳಲ್ಲಿ ಎಷ್ಟಕ್ಕೆ ಚೇಂಜ್ ಓವರ್ ಸ್ವಿಚ್ಚಿದೆ ಎಂಬುದನ್ನು ವಿಚಾರಿಸಿ, ಆ ಪಟ್ಟಿಯನ್ನು ಊರಿನ ಲೈನ್‌ಮನ್ನನಿಗೆ ಕೊಡತಕ್ಕದ್ದು. ಒಂದು ಫೇಸು ಹೋಯಿತೆಂದು ಕಂಡೊಡನೆ 1912ಕ್ಕೆ ತಿಳಿಸಿ, ಅವನು ಕಂಬವನ್ನೇರುವುದಕ್ಕೆ ಮುಂಚೆ ಆ ಮನೆಗಳಿಗೆ ಒಬ್ಬ ಆಳನ್ನು ಕಳುಹಿಸಿ ಜನರೇಟರುಗಳನ್ನು ನಿಲ್ಲಿಸಿಸಬೇಕು.