ಅಂಗಳದ ಒಲೆಗುಂಡಿ: ಗಾಳಿ ನೋಡಿ ತೋಡಿ, ನೀರಿಟ್ಟು ಉರಿಸಿ



ಬಲ್ಮಠದಲ್ಲಿ ನೆಲೆಸಿದ್ದ ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ನಮ್ಮ ಊರುಗಳ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಹಂಚಿನ ಮಾಡುಗಳಾದವು. ಹಂಚಿನ ಮೇಲೆ ಬಿದ್ದ ಕಿಡಿ ಅಲ್ಲೇ ನಂದುತ್ತದೆ. ಆದರೆ ಬೈಹುಲ್ಲಿನ ಮೆದೆಗೆ ಹಂಚಿನ ರಕ್ಷಣೆ ಇಲ್ಲ.

ಈಗ ಹೆಚ್ಚಿನವರು ಕುಚ್ಚಲಕ್ಕಿಯನ್ನು ಮಿಲ್ಲಿನಿಂದಲೇ ತರುತ್ತಾರೆ. ಆದರೂ ಕೆಲವು ಮನೆಗಳಲ್ಲಿ ಭತ್ತ ಬೇಯಿಸಲು, ಸಮಾರಂಭದ ಅಡುಗೆಗೆ ಅಂಗಳದಲ್ಲಿ ಒಲೆಗುಂಡಿ ಉರಿಯುತ್ತದೆ. ಅಂಥ ಒಂದು ಮನೆಯಲ್ಲಿ ಬೆಳಿಗ್ಗೆ ಭತ್ತ ಬೇಯಿಸಿ, ಕೆಂಡಕ್ಕೆ ಬೂದಿ ಮುಚ್ಚಿ ಎಲ್ಲರೂ ಊಟಕ್ಕೆ ಹೋದರು. ಮಧ್ಯಾಹ್ನ ಕಡಲ ಗಾಳಿ ಎದ್ದಿತು. ಗುಂಡಿಯ ಮೂಡು ಬದಿಯಲ್ಲಿದ್ದ ಮೆದೆ ಹತ್ತಿ ಉರಿಯಿತು. ದನಗಳನ್ನು ಬಿಚ್ಚಿ ಬಿಟ್ಟದ್ದರಿಂದ ಅವು ಉಳಿದವು. ವರ್ಷದ ಮೇವು ಹೋಯಿತು. ಅದಕ್ಕೆ ಒಂದು ವಾರ ಮೊದಲು ನಾನು ಆ ಗುಂಡಿಯನ್ನು ನೋಡಿಯೂ ಏನೂ ಹೇಳಿರಲಿಲ್ಲ. ಆದುದರಿಂದ ಈಗ ಎಲ್ಲರಿಗೂ ಹೇಳುತ್ತಿದ್ದೇನೆ.

ಜಾಗ: ನಮ್ಮ ಕರಾವಳಿಯಲ್ಲಿ ಬೇಸಗೆಯ ಬೆಳಿಗ್ಗೆ ಮೂಡಣದಿಂದ ಮೆಲ್ಲಗೆ ಗಾಳಿ ಬರುತ್ತದೆ, ಮಧ್ಯಾಹ್ನ ಪಡುವಣದ ಕಡಲಿನಿಂದ ಜೋರಾಗಿ ಬೀಸುತ್ತದೆ. ಆದುದರಿಂದ ಮೆದೆ, ಹಟ್ಟಿ, ಸೋಗೆಯ ಕೊಟ್ಟಿಗೆ ಯಾವುದೂ ಗುಂಡಿಯ ಮೂಡು ಅಥವಾ ಪಡು ಬದಿಗೆ ಇರಬಾರದು. ಬಡಗು ಬದಿ ಒಳ್ಳೆಯದು. ಮೆದೆಗೆ ಕನಿಷ್ಠ 50 ಅಡಿ ದೂರವಿರಲಿ. ಮೇಲೆ ತೆಂಗಿನ ಮಡಲಾಗಲಿ, ವಿದ್ಯುತ್ ತಂತಿಯಾಗಲಿ ಇರಬಾರದು.

ಗುಂಡಿ: ಒಂದು ಅಡಿ ಆಳ ಸಾಕು. ಅಗಲ ಪಾತ್ರೆಯ ತಳಕ್ಕಿಂತ ಸ್ವಲ್ಪ ಕಡಿಮೆ ಇರಲಿ. ಅಂಚಿಗೆ ಒಣಗಿದ ಕೆಂಪುಕಲ್ಲು ಕೂರಿಸಿ, ಪಾತ್ರೆ ಅಲುಗದಂತೆ ನೋಡಿಕೊಳ್ಳಿ. ನೀರು ಹೀರಿದ ಕಲ್ಲು ಬಿಸಿಯಾದಾಗ ಸಿಡಿಯಬಹುದು. ಸುತ್ತ 10 ಅಡಿ ಜಾಗದ ತರಗೆಲೆ, ಹುಲ್ಲು ಗುಡಿಸಿ ತೆಗೆಯಿರಿ.

ಉರಿಸುವಾಗ: ಎರಡು ಕೊಡ ನೀರು, ಒಂದು ಬುಟ್ಟಿ ಮಣ್ಣು ಹತ್ತಿರವಿರಲಿ. ಬೆಳಗಿನಲ್ಲೇ ಕೆಲಸ ಮುಗಿಸಿ. ಗಾಳಿಗೆ ಬೆನ್ನು ಮಾಡಿ ಕುಳಿತು ಕಟ್ಟಿಗೆ ಹಾಕಿ. ಒಣ ಸೋಗೆ ಕಿಡಿ ಹಾರಿಸುತ್ತದೆ. ಹೊತ್ತಿಸಲು ಒಂದು ಹಿಡಿ ಸಾಕು. ಸೀಮೆಎಣ್ಣೆ, ಪೆಟ್ರೋಲು ಸುರಿಯಬೇಡಿ. ಪ್ಲಾಸ್ಟಿಕ್ ಸುಡಬೇಡಿ, ಅದರ ಹೊಗೆ ವಿಷ. ಮಕ್ಕಳನ್ನು ದೂರವಿಡಿ. ಸೆರಗನ್ನು ಸೊಂಟಕ್ಕೆ ಬಿಗಿದುಕೊಳ್ಳಿ.

ನಂದಿಸುವಾಗ: ಬೂದಿ ಮುಚ್ಚಿದ ಕೆಂಡ ನಂದಿದ ಕೆಂಡವಲ್ಲ. ಉಮಿಯಂತೂ ಒಳಗೊಳಗೇ ಬಹಳ ಹೊತ್ತು ಉರಿಯುತ್ತದೆ. ನೀರು ಚಿಮುಕಿಸಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ. ಅಂಗೈಯನ್ನು ಮೇಲೆ ಹಿಡಿದಾಗ ಬಿಸಿ ತಾಗಬಾರದು. ತಣ್ಣಗಾದ ಬೂದಿಯನ್ನು ಮರುದಿನ ತೆಂಗಿನ ಬುಡಕ್ಕೆ ಹಾಕಿ. ಅದರಲ್ಲಿ ಪೊಟ್ಯಾಶ್ ಇದೆ. ಯೂರಿಯಾದೊಡನೆ ಮಾತ್ರ ಬೆರೆಸಬೇಡಿ, ಸಾರಜನಕ ಗಾಳಿಗೆ ಹೋಗುತ್ತದೆ.

ಮೈ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿ. ಬೆಣ್ಣೆ, ಎಣ್ಣೆ, ಪೇಸ್ಟು ಹಚ್ಚಬೇಡಿ; ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಕಿ ಕೈಮೀರಿದರೆ 101ಕ್ಕೆ ಕರೆ ಮಾಡಿ.

ಈ ಸುಗ್ಗಿಯಲ್ಲಿ ಗುಂಡಿ ತೋಡುವ ಮೊದಲು ನನ್ನನ್ನು ಕರೆಯಿರಿ. ಅಂಗಳದಲ್ಲಿ ನಿಂತು ಗಾಳಿಯನ್ನು ಒಟ್ಟಿಗೆ ನೋಡೋಣ.