ಕಾರಿನ ಸ್ಟೀರಿಯೋಗೆ ಆಂಪ್ಲಿಫೈಯರು ಜೋಡಿಸುವ ಮುನ್ನ

ಪುಣೆಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ಹಬ್ಬಕ್ಕೋ ಮದುವೆಗೋ ಕಾರಿನಲ್ಲಿಯೇ ಬೆಳಗಾವಿ, ಧಾರವಾಡಗಳಿಗೆ ಹೋಗಿಬರುವವರು ಬಹುಮಂದಿ. ಸಾತಾರೆ, ಕೊಲ್ಲಾಪುರಗಳ ಮೇಲೆ ಹಾಯ್ದುಹೋಗುವ ಈ ದೂರದ ಹಾದಿಯಲ್ಲಿ ಸಂಗೀತವೇ ಸಂಗಾತಿ. ಆದರೆ ವೇಗ ಹೆಚ್ಚಿದೊಡನೆ ಚಕ್ರದ ಮೊರೆತವೂ ಗಾಳಿಯ ಸದ್ದೂ ಸೇರಿ ತಂಬೂರಿಯ ನಾದವನ್ನು ನುಂಗಿಬಿಡುತ್ತವೆ. ಧ್ವನಿಯನ್ನು ಏರಿಸಿದರೆ ಭೀಮಸೇನ ಜೋಶಿಯವರ ತಾನವೂ ಒಡಕು ಗಡಿಗೆಯ ಸದ್ದಿನಂತೆ ಕೇಳಿಸುತ್ತದೆ. ಆಗ ಬುಧವಾರ ಪೇಠೆಯ ಅಂಗಡಿಗಳಲ್ಲಿ ವಿಚಾರಿಸಿ, ಬೇರೊಂದು ಆಂಪ್ಲಿಫೈಯರನ್ನು ತಂದು ಜೋಡಿಸೋಣವೇ ಎಂಬ ಯೋಚನೆ ಬರುವುದು ಸಹಜ. ಹಾಗೆ ಮಾಡುವವರು ಮೊದಲು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಲಾಗಿದೆ.

ಧ್ವನಿ ಒಡೆಯುವುದೇಕೆ? ಕಾರಿನ ಬ್ಯಾಟರಿ 12 ವೋಲ್ಟಿನದು. ಎಂಜಿನು ನಡೆಯುತ್ತಿರುವಾಗ ಸುಮಾರು 14 ವೋಲ್ಟು. ಕಾರ್ಖಾನೆಯಿಂದ ಬಂದ ಸಾಮಾನ್ಯ ಸ್ಟೀರಿಯೋದೊಳಗೂ ಒಂದು ಚಿಕ್ಕ ಆಂಪ್ಲಿಫೈಯರು ಇದ್ದೇ ಇರುತ್ತದೆ. ಅದು ಈ 14 ವೋಲ್ಟಿನಲ್ಲಿಯೇ ಸಂಸಾರ ತೂಗಿಸಬೇಕು. 4 ಓಮಿನ ಸ್ಪೀಕರಿಗೆ ಇದರಿಂದ ಶುದ್ಧವಾಗಿ ದೊರೆಯುವ ಶಕ್ತಿ ಸುಮಾರು 20 ವಾಟು. ಲೆಕ್ಕದ ಮಿತಿಯೇ 25ನ್ನು ದಾಟದು. ಅಂಥ ಪೆಟ್ಟಿಗೆಯ ಮೇಲೆ 50 ವಾಟು ಎಂದು ಅಚ್ಚಾಗಿದ್ದರೆ ಅದು ಒಡೆದ ಧ್ವನಿಯನ್ನೂ ಸೇರಿಸಿ ಹಾಕಿದ ಲೆಕ್ಕ. ಮಿತಿ ಮೀರಿ ಏರಿಸಿದಾಗ ಧ್ವನಿಯ ಅಲೆಗಳ ತುದಿಗಳು ಕತ್ತರಿಸಿಹೋಗುತ್ತವೆ. ಇದೇ ಒಡಕಿನ ಮೂಲ.

ಈ ತೊಡಕು ಇಂದಿನದಲ್ಲ. ಅಮೆರಿಕೆಯ ಗಾಲ್ವಿನ್ ಕಂಪನಿಯು 1930ರಲ್ಲಿ ಮೋಟೊರೋಲ ಎಂಬ ಹೆಸರಿನಿಂದ ಕಾರಿನ ರೇಡಿಯೋ ಮಾರತೊಡಗಿತು. ಆ ಕಾಲದ ವಾಲ್ವುಗಳಿಗೆ ನೂರಾರು ವೋಲ್ಟು ಬೇಕು. ಬ್ಯಾಟರಿಯೋ ಆರೇ ವೋಲ್ಟು. ಕೆಲಕಾಲದಲ್ಲೇ ವೈಬ್ರೇಟರು ಎಂಬ ಕಂಪಿಸುವ ಸ್ವಿಚ್ಚು ಬಂತು. ಅದು ವಿದ್ಯುತ್ತನ್ನು ತುಂಡುತುಂಡು ಮಾಡಿ ಕೊಟ್ಟರೆ, ಟ್ರಾನ್ಸ್‌ಫಾರ್ಮರು ಅದರ ವೋಲ್ಟನ್ನು ಏರಿಸುತ್ತಿತ್ತು. ಇಂದಿನ ದೊಡ್ಡ ಆಂಪ್ಲಿಫೈಯರುಗಳ ಒಳಗೆ ನಡೆಯುವುದೂ ಇದೇ. ಆದರೆ ಕಂಪಿಸುವ ಸ್ವಿಚ್ಚಿನ ಬದಲು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಆ ಕೆಲಸ ಮಾಡುತ್ತವೆ.

ವಾಟು ಹೆಚ್ಚಿದಷ್ಟೂ ಸದ್ದು ಹೆಚ್ಚುವುದೆಂದು ತಿಳಿಯಬಾರದು. ಶಕ್ತಿ ಇಮ್ಮಡಿಯಾದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟಾಗಬೇಕು. ಆದುದರಿಂದ ಒಂದೊಂದು ಸ್ಪೀಕರಿಗೆ ನಿಜವಾದ 50 ವಾಟು ದೊರೆತರೆ ಆಗುವ ಮುಖ್ಯ ಲಾಭ ಅಬ್ಬರವಲ್ಲ, ಸ್ಪಷ್ಟತೆ. ತಬಲಾದ ಎಡದ ಪೆಟ್ಟು ಒಡೆಯದೆ ಬೀಳುತ್ತದೆ, ಅಷ್ಟೆ.

ಇನ್ನು ಅಪಾಯದ ಮಾತು. ನಾಲ್ಕು ಸ್ಪೀಕರುಗಳಿಗೆ 50ರಂತೆ 200 ವಾಟು ಕೊಡಲು, ಐದರಲ್ಲಿ ನಾಲ್ಕು ಪಾಲು ಶಕ್ತಿಯನ್ನು ಸದುಪಯೋಗ ಮಾಡುವ ಆಂಪ್ಲಿಫೈಯರಿಗೂ 250 ವಾಟು ಬೇಕು. ಎಂದರೆ ಸುಮಾರು 18 ಆಂಪಿಯರು. ಸ್ಟೀರಿಯೋದ ತೆಳು ತಂತಿಗೆ ಸಾಮಾನ್ಯವಾಗಿ ಇರುವುದು 10 ಇಲ್ಲವೆ 15 ಆಂಪಿಯರಿನ ಫ್ಯೂಸು. ಆ ತಂತಿಯಿಂದ ಕವಲು ತೆಗೆದರೆ, ಫ್ಯೂಸು ಹಾರಿತೆಂದು ದೊಡ್ಡದನ್ನು ಸಿಕ್ಕಿಸಿದರೆ, ತಂತಿ ಕಾದು ಬೆಂಕಿ ಹತ್ತಬಹುದು. ಬ್ಯಾಟರಿಯಿಂದಲೇ ಬೇರೆ ದಪ್ಪ ತಾಮ್ರದ ತಂತಿ ಎಳೆಯತಕ್ಕದ್ದು. ಬ್ಯಾಟರಿಯಿಂದ ಒಂದು ಮೊಳದೊಳಗೆ ಆ ತಂತಿಗೆ ತಕ್ಕ ಫ್ಯೂಸು ಇರಲೇಬೇಕು. ಈ ಫ್ಯೂಸು ಕಾಯುವುದು ತಂತಿಯನ್ನು. ಅದು ಎಲ್ಲಿಯಾದರೂ ಉಜ್ಜಿ ಕಾರಿನ ಲೋಹಕ್ಕೆ ತಗುಲಿದರೆ ಬ್ಯಾಟರಿಯಿಂದ ನೂರಾರು ಆಂಪಿಯರು ಹರಿಯುತ್ತದೆ. ತಗಡಿನ ತೂತಿನಲ್ಲಿ ತಂತಿ ಹಾಯುವಲ್ಲಿ ರಬ್ಬರಿನ ಬಳೆ ತೊಡಿಸಬೇಕು. ಅರ್ಥಿನ ತಂತಿ ಗಿಡ್ಡದಾಗಿದ್ದು, ಬಣ್ಣ ಕೆರೆದ ಬರಿಯ ಲೋಹಕ್ಕೆ ಬಿಗಿದಿರಬೇಕು.

ಸ್ಪೀಕರಿನ ತಂತಿಗಳಿಂದಲೇ ಧ್ವನಿಯನ್ನು ಪಡೆಯುವ ಏರ್ಪಾಡು ಅನೇಕ ಆಂಪ್ಲಿಫೈಯರುಗಳಲ್ಲಿದೆ. ಈ ಎರಡು ತಂತಿಗಳಲ್ಲಿ ಯಾವುದೊಂದೂ ಅರ್ಥ್ ಅಲ್ಲ. ಅರ್ಥ್ ಎಂದು ಭಾವಿಸಿ ಕಾರಿನ ಮೈಗೆ ಕೂಡಿಸಿದರೆ ಸ್ಟೀರಿಯೋ ಕೆಡಬಹುದು. ಮೂಲ ತಂತಿಗಳನ್ನು ಕತ್ತರಿಸದೆ ತಕ್ಕ ಪ್ಲಗ್ಗಿನ ಮೂಲಕ ಜೋಡಿಸುವುದು ಲೇಸು. ಕಾರಿನ ಗ್ಯಾರಂಟಿಯ ನಿಬಂಧನೆಗಳನ್ನೂ ಮೊದಲೇ ಓದಿಕೊಳ್ಳಬೇಕು. ಗೇನ್ ಎಂಬ ತಿರುಪು ಧ್ವನಿ ಏರಿಸುವ ಗುಂಡಿಯಲ್ಲ. ಸ್ಟೀರಿಯೋವನ್ನು ಮುಕ್ಕಾಲು ಮಟ್ಟಕ್ಕಿಟ್ಟು, ಒಡಕು ಕೇಳಿಸತೊಡಗುವ ಮೊದಲೇ ಈ ತಿರುಪನ್ನು ನಿಲ್ಲಿಸಬೇಕು.

ಕಡೆಯದಾಗಿ ಕಿವಿಯ ವಿಚಾರ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ತಾಸಿಗಿಂತ ಹೆಚ್ಚು ಕೇಳಬಾರದೆಂಬ ನಿಯಮವುಂಟು. 3 ಡೆಸಿಬೆಲ್ ಏರಿದಂತೆಲ್ಲ ಈ ಅವಧಿ ಅರ್ಧವಾಗುತ್ತದೆ. 94ಕ್ಕೆ ಬರುವಾಗ ಉಳಿಯುವುದು ಒಂದೇ ತಾಸು. ಅಷ್ಟರಲ್ಲಿ ಸಾತಾರೆಯನ್ನೂ ಮುಟ್ಟಿರುವುದಿಲ್ಲ. ಹಿಂದಿನ ಆಂಬುಲೆನ್ಸಿನ ಸದ್ದು ಒಳಗೆ ಕೇಳಿಸುವಷ್ಟು ಎಡೆಯಾದರೂ ಇರಬೇಕು. ಹಣ ಮಿತವಾಗಿದ್ದರೆ ಆಂಪ್ಲಿಫೈಯರು ಚಿಕ್ಕದೇ ಇರಲಿ. ತಂತಿ ಮತ್ತು ಫ್ಯೂಸಿನಲ್ಲಿ ಮಾತ್ರ ಜಿಪುಣತನ ಸಲ್ಲದು.