ನಿದ್ದೆಯ ಹೊಸ್ತಿಲಲ್ಲಿ

ರಾತ್ರಿ ಎಂಟೂವರೆಯಾಯಿತೆಂದರೆ ನಮ್ಮ ಮನೆಯಲ್ಲಿ ಒಂದು ಪ್ರಯಾಣದ ಸನ್ನಾಹ ಮೊದಲಾಗುತ್ತದೆ. ಪ್ರಯಾಣಿಕಳು ಎರಡು ವರ್ಷ ತುಂಬಿದ ನನ್ನ ಮಗಳು. ತಲುಪಬೇಕಾದ ಊರು ನಿದ್ದೆ. ದಾರಿ ದೂರದ್ದಲ್ಲ, ಆದರೂ ಹೊರಡುವುದಕ್ಕೆ ಒಂದೂವರೆ ಗಂಟೆ ಬೇಕು. ಹಾಲು ಮೊದಲು ಬಿಸಿ, ಆರಿಸಿದರೆ ತಣ್ಣಗೆ. ಅದು ಮುಗಿದರೆ ನೀರು. ಬಳಿಕ ಚನ್ನಪಟ್ಟಣದ ಮರದ ಆನೆಗೆ ಹೊದಿಕೆ ಹೊದಿಸಬೇಕು. ಗೋಡೆಯ ಮೇಲಿನ ಹಲ್ಲಿ ಮಲಗಿತೋ ಇಲ್ಲವೋ ಎಂದು ವಿಚಾರಿಸಬೇಕು. ಇಷ್ಟೆಲ್ಲ ಆದ ಮೇಲೆ ಕಥೆ.

ಈ ವಯಸ್ಸಿನ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆಗಳ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ದಿನವೂ ಒಂದೇ ಹೊತ್ತಿಗೆ, ಒಂದೇ ಕ್ರಮದಲ್ಲಿ ಮಲಗಿಸಬೇಕೆಂಬುದೂ ಅವರ ಸಲಹೆಯೇ. ನನ್ನ ಮಗಳಿಗೆ ಕ್ರಮದಲ್ಲಿ ಅಪಾರ ಶ್ರದ್ಧೆ. ಅದು ಮುಗಿಯಬೇಕೆಂಬುದರಲ್ಲಿ ಮಾತ್ರ ನಂಬಿಕೆಯಿಲ್ಲ.

ನಮ್ಮ ಹಿರಿಯರು ಇದನ್ನು ಬಲ್ಲವರು. ಅದಕ್ಕೇ ಜೋಗುಳವನ್ನು ಕಟ್ಟಿದರು. ತೊಟ್ಟಿಲು ತೂಗುವ ಕೈಯ ಲಯವೇ ಅದರ ಲಯ. 'ಜೋ' ಎಂಬ ಒಂದಕ್ಷರವೇ ಅದರ ಬೀಜಮಂತ್ರ. ಉಳಿದ ಕಾವ್ಯವನ್ನು ಎಲ್ಲಿ ಮುಗಿಸಬೇಕೆಂದು ಕವಿ ನಿರ್ಧರಿಸುತ್ತಾನೆ. ಜೋಗುಳವನ್ನು ಮುಗಿಸುವುದು ಮಗು. ಕೇಳುವವರು ನಿದ್ದೆ ಹೋದರೇ ಸಾರ್ಥಕವಾಗುವ ಕಾವ್ಯ ಅದೊಂದೇ. ನನ್ನ ತರಗತಿಯಲ್ಲಿಯೂ ಕೇಳುವವರು ನಿದ್ದೆ ಹೋಗುವುದುಂಟು. ಅದನ್ನು ಸಾರ್ಥಕ್ಯವೆಂದು ಕರೆಯುವ ಧೈರ್ಯ ನನಗಿಲ್ಲ.

ಪರೀಕ್ಷೆಯ ದಿನಗಳ ಒಂದು ರಾತ್ರಿ. ಮೇಜಿನ ಮೇಲೆ ಉತ್ತರಪತ್ರಿಕೆಗಳ ಕಟ್ಟು ಕಾದಿತ್ತು. ಮಗಳಿಗೆ ಪುಣ್ಯಕೋಟಿಯ ಕಥೆ ಬೇಕು, ಮೂರನೆಯ ಸಲ. ಹಸು ಕರುವನ್ನು ಬೀಳ್ಕೊಂಡು ಹುಲಿಯ ಬಳಿಗೆ ಹೊರಟಿತು ಎಂಬಲ್ಲಿಗೆ ತಂದು, "ಕಥೆ ಮುಗಿಯಿತು, ಮಲಗು" ಎಂದೆ. "ಆಮೇಲೆ?" ಎಂದಳು. ಗದರಿಸಿ ದೀಪ ಆರಿಸಿ ಹೊರಬಂದೆ.

ನಾಲ್ಕು ಪತ್ರಿಕೆ ತಿದ್ದಿರಬೇಕು. ಒಳಗಿನಿಂದ ಬಿಕ್ಕುವ ದನಿ ಕೇಳಿತು. ಹೋಗಿ ನೋಡಿದರೆ ಮಗು ಕತ್ತಲಲ್ಲಿ ಕಣ್ಣು ತೆರೆದುಕೊಂಡೇ ಇತ್ತು. "ಅಪ್ಪಾ, ಹಸು ಮನೆಗೆ ಬರಲೇ ಇಲ್ಲ" ಎಂದಿತು.

ನನಗೆ ನಾಚಿಕೆಯಾಯಿತು. ವರ್ಷಗಳಿಂದ ಪಾಠ ಹೇಳುವ ನಾನು ಆ ಕಥೆಯನ್ನು ಸತ್ಯನಿಷ್ಠೆಯ ಕಥೆಯೆಂದು ವಿವರಿಸುತ್ತ ಬಂದಿದ್ದೆ. ಮಗುವಿಗೆ ಅದು ತಾಯಿ ಹಿಂದಿರುಗುವ ಕಥೆ. ನಮಗೆ ನಿದ್ದೆ ವಿಶ್ರಾಂತಿ. ಮಗುವಿಗೆ ಅದು ಅಗಲಿಕೆ. ಕಣ್ಣು ಮುಚ್ಚಿದರೆ ಅಪ್ಪ ಅಮ್ಮ ಆನೆ ಹಲ್ಲಿ ಎಲ್ಲವೂ ಇಲ್ಲವಾಗುತ್ತವೆ. ಅವು ಮತ್ತೆ ಬರುತ್ತವೆಯೆಂಬುದಕ್ಕೆ ಎರಡು ವರ್ಷದ ಅನುಭವದ ಜಾಮೀನು ಸಾಲದು. ಅದಕ್ಕೇ ಆ ನೀರು, ಆ ಹೊದಿಕೆ, ಮೂರನೆಯ ಸಲದ ಕಥೆ.

ಮತ್ತೆ ದೀಪ ಹಚ್ಚಿದೆ. ಹುಲಿಯ ಗುಡ್ಡದಿಂದ ಹಸುವನ್ನು ದೊಡ್ಡಿಗೆ ಕರೆತಂದೆ, ಕರುವಿಗೆ ಹಾಲುಣಿಸಿದೆ. ಅರ್ಧ ಗಂಟೆ ಹಿಡಿಯಿತು. ಕರುವಿನ ಹೊಟ್ಟೆ ತುಂಬುವಷ್ಟರಲ್ಲಿ ಇವಳ ಕಣ್ಣು ಮುಚ್ಚಿತ್ತು.

ಕನ್ನಡಿಗರು ಅಗಲುವಾಗ 'ಹೋಗುತ್ತೇನೆ' ಎನ್ನುವುದಿಲ್ಲ, 'ಹೋಗಿ ಬರುತ್ತೇನೆ' ಎನ್ನುತ್ತಾರೆ. ದೊಡ್ಡವರಿಗೇ ಆ ಭರವಸೆ ಬೇಕಾಗುವಾಗ ಮಗುವಿಗೆ ಬೇಡವೇ? ಆ ರಾತ್ರಿಯಿಂದ ನಾನು ಕಥೆಯನ್ನು ನಡುವೆ ನಿಲ್ಲಿಸಿಲ್ಲ. ಪತ್ರಿಕೆಗಳು ಬೆಳಗಿನವರೆಗೆ ಕಾಯಬಲ್ಲವು.